ಮೂರು ತಲೆಮಾರಿಗೊಂದು ಸೂರು: ಥೀಮ್ ಪಾರ್ಕಿನ ಕ್ಯಾಬಿನ್ ನಡೆದುಬಂದ ದಾರಿ

ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲಾಂಡೊ ನಗರದ ಸಮೀಪವಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನ ಒಳಗೆ, ಬೇ ಲೇಕ್ ಎಂಬ ಸರೋವರದ ದಂಡೆಯ ಪೈನ್ ಮತ್ತು ಸೈಪ್ರೆಸ್ ಮರಗಳ ನಡುವೆ, ಫೋರ್ಟ್ ವಿಲ್ಡರ್ನೆಸ್ ಎಂಬ ತಂಗುದಾಣವಿದೆ. 1971ರ ನವೆಂಬರ್ 19ರಂದು ತೆರೆದ, ಸುಮಾರು 750 ಎಕರೆಗಳಲ್ಲಿ ಹಬ್ಬಿರುವ ಈ ತಾಣದಲ್ಲಿ ಡೇರೆ ಹಾಕುವವರಿಗೂ ಮಲಗುವ ಅನುಕೂಲವುಳ್ಳ ವಾಹನಗಳಲ್ಲಿ ಬರುವವರಿಗೂ ಜಾಗವಿರುವಂತೆ, ಬರಿಗೈಯಲ್ಲಿ ಬರುವ ಕುಟುಂಬಗಳಿಗಾಗಿ ಮರದ ಹೊದಿಕೆಯ ಸಣ್ಣ ಸಣ್ಣ ಬಿಡಿಮನೆಗಳೂ ಇವೆ. ಇವುಗಳಿಗೆ ಕ್ಯಾಬಿನ್ ಎಂದು ಹೆಸರು. ಹೋಟೆಲಿನ ಕೋಣೆಗಿಂತ ಕ್ಯಾಬಿನ್ ಭಿನ್ನವಾಗುವುದು ಗೋಡೆಯ ಮರದಿಂದಲ್ಲ, ಒಳಗಿನ ಒಲೆಯಿಂದ ಮತ್ತು ಹೊರಗಿನ ಜಗಲಿಯಿಂದ. ಹೆಜ್ಜೆಹೆಜ್ಜೆಗೂ ತಿಂಡಿ-ಊಟ ಮಾರುವ ಉದ್ಯಾನವೊಂದು ತನ್ನ ಅತಿಥಿಗೆ ಪಾತ್ರೆ, ತಟ್ಟೆ, ಶೀತಕಪಾಟುಗಳ ಸಮೇತ ಅಡುಗೆಮನೆಯನ್ನೇ ಬಾಡಿಗೆಗೆ ಕೊಡುವುದೇಕೆ ಎಂಬುದು ಮೇಲುನೋಟಕ್ಕೆ ವ್ಯಾಪಾರದ ಪ್ರಶ್ನೆಯಂತೆ ಕಂಡರೂ, ಅದರ ಉತ್ತರವನ್ನು ಕುಟುಂಬದ ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ. ಅಜ್ಜ-ಅಜ್ಜಿ, ಮಕ್ಕಳು, ಮೊಮ್ಮಕ್ಕಳು ದಿನನಿತ್ಯ ಒಂದೇ ಮನೆಯಲ್ಲಿ ಬಾಳುವ ರೂಢಿ ಅಮೆರಿಕದಲ್ಲಿ ಕುಗ್ಗಿದ ಕಾಲದಲ್ಲಿಯೇ ಆ ಕೂಡುಬಾಳು ರಜೆಯ ಕೆಲವು ದಿನಗಳಿಗೆ ಸರಿಯಿತು. ಆ ದಿನಗಳಿಗೆ ಬೇಕಾದ ಮನೆಯನ್ನು ರಜೆಯ ಉದ್ಯಮವೇ ಕಟ್ಟಿಕೊಡಬೇಕಾಗಿ ಬಂತು. ಆ ಮನೆಯ ವಂಶವೃಕ್ಷ ಡಿಸ್ನಿಗಿಂತ ಬಹಳ ಹಳೆಯದು.

ಮರದ ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ, ಮೂಲೆಗಳಲ್ಲಿ ಕಚ್ಚು ಕೊರೆದು ಒಂದಕ್ಕೊಂದು ಕೂರಿಸಿ ಕಟ್ಟುವ ಗುಡಿಸಲನ್ನು ಉತ್ತರ ಅಮೆರಿಕಕ್ಕೆ ತಂದವರಲ್ಲಿ ಮೊದಲಿಗರು, 1638ರಲ್ಲಿ ಡೆಲವೇರ್ ನದಿಯ ಕಣಿವೆಯಲ್ಲಿ ನೆಲೆ ಹೂಡಿದ ಸ್ವೀಡನ್ ಮತ್ತು ಫಿನ್‌ಲೆಂಡ್ ಮೂಲದ ವಲಸಿಗರೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮೊಳೆ ಬೇಡದ, ಕೊಡಲಿಯೊಂದಿದ್ದರೆ ಸಾಕಾಗುವ ಈ ಕಟ್ಟಡ ಬಡ ಕೃಷಿಕರ ಮೊದಲ ಆಸರೆಯಾಗಿತ್ತೇ ಹೊರತು ಯಾರೂ ಬಯಸಿ ಬಾಳುವ ಮನೆಯಾಗಿರಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡಿದೊಡನೆ ಜನ ಅದನ್ನು ಬಿಟ್ಟು ಹಲಗೆಯ ಮನೆಗೋ ಇಟ್ಟಿಗೆಯ ಮನೆಗೋ ಹೋಗುತ್ತಿದ್ದರು. ಅದಕ್ಕೆ ಗೌರವ ಬಂದದ್ದು ರಾಜಕಾರಣದಿಂದ. 1840ರ ಅಧ್ಯಕ್ಷ ಚುನಾವಣೆಯಲ್ಲಿ, ವರ್ಜೀನಿಯಾದ ಸಿರಿವಂತ ಜಮೀನುದಾರರ ಮನೆಯಲ್ಲಿ ಹುಟ್ಟಿದ್ದ ವಿಲಿಯಂ ಹೆನ್ರಿ ಹ್ಯಾರಿಸನ್‌ನ ಬೆಂಬಲಿಗರು ದಿಮ್ಮಿಗುಡಿಸಲನ್ನೇ ಪ್ರಚಾರದ ಚಿಹ್ನೆಯಾಗಿಸಿ ಅವನನ್ನು ಜನಸಾಮಾನ್ಯರವನೆಂದು ಮೆರೆಸಿದರು. 1809ರಲ್ಲಿ ಕೆಂಟಕಿಯಲ್ಲಿ ನಿಜವಾಗಿಯೂ ಅಂಥ ಗುಡಿಸಲಿನಲ್ಲಿ ಹುಟ್ಟಿದ ಅಬ್ರಹಾಂ ಲಿಂಕನ್ ಮುಂದೆ ಅಧ್ಯಕ್ಷನಾದ ಮೇಲೆ ಆ ಚಿಹ್ನೆ ಅಮೆರಿಕದ ಪುರಾಣದ ಭಾಗವೇ ಆಯಿತು. ಈ ಪುರಾಣ ಮರೆಮಾಚಿದ ಸಂಗತಿಯನ್ನೂ ಇಲ್ಲಿ ಹೇಳಲೇಬೇಕು. ವಲಸಿಗರ ಗುಡಿಸಲುಗಳು ಎದ್ದದ್ದು ಖಾಲಿ ಕಾಡಿನಲ್ಲಲ್ಲ, ಮೂಲನಿವಾಸಿಗಳ ನೆಲದಲ್ಲಿ. ಫ್ಲೋರಿಡಾದಲ್ಲಿಯೇ 1835ರಿಂದ 1842ರವರೆಗೆ ನಡೆದ ಎರಡನೆಯ ಸೆಮಿನೋಲ್ ಯುದ್ಧದಲ್ಲಿ ಸೆಮಿನೋಲ್ ಜನರಲ್ಲಿ ಬಹುಪಾಲು ಮಂದಿಯನ್ನು ಅವರ ಊರುಗಳಿಂದ ಎಬ್ಬಿಸಿ, ದೂರದ ಪಶ್ಚಿಮಕ್ಕೆ ಸಾಗಿಸಲಾಯಿತು. ಕೋಟೆ ಎಂಬರ್ಥದ ‘ಫೋರ್ಟ್’ ಮತ್ತು ಕಾಡು ಎಂಬರ್ಥದ ‘ವಿಲ್ಡರ್ನೆಸ್’ ಕೂಡಿದ ಹೆಸರನ್ನು ಇಂದು ಮಕ್ಕಳು ಸಂತೋಷದಿಂದ ಉಚ್ಚರಿಸುವಾಗ ಆ ನೋವಿನ ನೆನಪು ಎಲ್ಲಿಯೂ ಸುಳಿಯದಿರುವುದು ಈ ಚರಿತ್ರೆಯ ದೊಡ್ಡ ಕೊರತೆ.

ಗುಡಿಸಲು ಬಡವರ ಮನೆಯಾಗಿದ್ದರೆ, ರಜೆಯ ಮನೆ ಹುಟ್ಟಿದ್ದು ಬೇರೆಯೇ ಒಂದು ನೆಲದಲ್ಲಿ, ಪ್ರಾರ್ಥನೆಯ ಡೇರೆಗಳ ನಡುವೆ. 19ನೆಯ ಶತಮಾನದ ಆರಂಭದಿಂದ ಅಮೆರಿಕದ ಗ್ರಾಮಾಂತರದಲ್ಲಿ ‘ಕ್ಯಾಂಪ್ ಮೀಟಿಂಗ್’ ಎಂಬ ಪದ್ಧತಿ ಬಳಕೆಗೆ ಬಂತು. ಚದುರಿದ ಹಳ್ಳಿಗಳ ಕ್ರೈಸ್ತರು ಬೇಸಿಗೆಯಲ್ಲಿ ಒಂದೆಡೆ ಸೇರಿ, ತೋಪಿನಲ್ಲಿ ಡೇರೆ ಹೂಡಿ, ಹಲವು ದಿನ ಪ್ರವಚನ ಕೇಳುತ್ತ ಪ್ರಾರ್ಥಿಸುವ ಮೇಳವದು. ಮ್ಯಾಸಚೂಸೆಟ್ಸ್ ರಾಜ್ಯದ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದಲ್ಲಿ, ಓಕ್ ಮರಗಳ ತೋಪೊಂದರಲ್ಲಿ 1835ರಲ್ಲಿ ಮೆಥೊಡಿಸ್ಟ್ ಪಂಥದವರು ಇಂಥ ಮೇಳ ಆರಂಭಿಸಿ ಅದಕ್ಕೆ ವೆಸ್ಲಿಯನ್ ಗ್ರೋವ್ ಎಂದು ಹೆಸರಿಟ್ಟರು. ಮೊದಮೊದಲು ಒಂದೊಂದು ಊರಿನ ಸಭೆಗೆ ಒಂದೊಂದು ದೊಡ್ಡ ಡೇರೆ ಇರುತ್ತಿತ್ತು. ಒಳಗೆ ಪರದೆ ಇಳಿಬಿಟ್ಟು ಗಂಡಸರು ಒಂದು ಬದಿಗೆ, ಹೆಂಗಸರು ಇನ್ನೊಂದು ಬದಿಗೆ ಮಲಗುತ್ತಿದ್ದರು. ಆದರೆ ವರ್ಷ ಕಳೆದಂತೆ ಕುಟುಂಬಗಳು ತಮ್ಮ ತಮ್ಮ ಡೇರೆಗಳನ್ನೇ ತರತೊಡಗಿದವು. ಅನಂತರ ಡೇರೆಯ ಕೆಳಗೆ ಹಲಗೆಯ ನೆಲ ಬಂತು, 1860ರ ದಶಕದ ವೇಳೆಗೆ ಬಟ್ಟೆಯ ಜಾಗದಲ್ಲಿ ಮರದ ಗೋಡೆಗಳೇ ಎದ್ದವು. ಡೇರೆ ಇದ್ದ ಪುಟ್ಟ ನಿವೇಶನದಲ್ಲಿಯೇ ಕಟ್ಟಬೇಕಾಗಿದ್ದರಿಂದ ಈ ಮನೆಗಳು ಕಿರಿದಾಗಿ, ಎತ್ತರವಾಗಿ, ಒಂದಕ್ಕೊಂದು ಒತ್ತಿಕೊಂಡು ನಿಂತವು; ಮುಂಬಾಗಿಲು ಡೇರೆಯ ಬಾಯಿಯಂತೆ ಎರಡು ಕದಗಳಾಗಿ ತೆರೆಯುತ್ತಿತ್ತು, ಸೂರಿನಂಚಿಗೆ ಮರದಲ್ಲಿ ಕೊರೆದ ಜಾಲರಿಯ ಅಲಂಕಾರವಿರುತ್ತಿತ್ತು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ಮನೆಯೂ ದಾರಿಗೆ ಮುಖಮಾಡಿದ ಜಗಲಿಯನ್ನು ಪಡೆದಿತ್ತು. 1880ರ ಆಸುಪಾಸಿನಲ್ಲಿ ಇಂಥ ಸುಮಾರು 500 ಮನೆಗಳಿದ್ದವು. 300ಕ್ಕೂ ಹೆಚ್ಚು ಇಂದಿಗೂ ನಿಂತಿವೆ.

ವೆಸ್ಲಿಯನ್ ಗ್ರೋವ್‌ನ ಜಗಲಿ ಕೇವಲ ವಾಸ್ತುವಿನ ಅಲಂಕಾರವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಳಗಿನ ಕೋಣೆಗಳು ಮಲಗಲಷ್ಟೇ ಸಾಲುವಂತಿದ್ದುದರಿಂದ ಹಗಲಿನ ಬಾಳೆಲ್ಲ ಜಗಲಿಯಲ್ಲಿಯೇ ನಡೆಯುತ್ತಿತ್ತು; ನಡೆಯಲಾರದ ಹಿರಿಯರು ತೂಗುಕುರ್ಚಿಯಲ್ಲಿ ಕುಳಿತಲ್ಲಿಂದಲೇ ತೋಪಿನಲ್ಲಿ ಆಡುವ ಮಕ್ಕಳ ಮೇಲೆ ಕಣ್ಣಿಡಬಹುದಾಗಿತ್ತು, ದಾರಿಯಲ್ಲಿ ಹೋಗುವವರೊಡನೆ ಮಾತಾಡಬಹುದಾಗಿತ್ತು, ಪ್ರವಚನದ ದನಿಯನ್ನೂ ಕೇಳಬಹುದಾಗಿತ್ತು. ಮೂರು ತಲೆಮಾರುಗಳು ಒಂದೇ ಇಕ್ಕಟ್ಟಿನ ಮನೆಯಲ್ಲಿ ಜಗಳವಾಡದೆ ವಾರಗಟ್ಟಲೆ ಇರಲು ಬೇಕಾದ ಮೊದಲ ಅನುಕೂಲ ಈ ಹೊರಗಿನ ಕೋಣೆಯೇ. ಎರಡನೆಯ ಸಂಗತಿ ಒಡೆತನದ್ದು: ನೆಲ ಮೇಳದ ಸಂಘದ್ದು, ಮನೆ ಕುಟುಂಬದ್ದು. ಈ ವ್ಯವಸ್ಥೆ ಈಗಲೂ ಮುಂದುವರಿದಿದ್ದು, ಒಂದೇ ಮನೆ ತಂದೆತಾಯಿಯಿಂದ ಮಕ್ಕಳಿಗೆ ಇಳಿದು ಬಂದ ಉದಾಹರಣೆಗಳು ಅಲ್ಲಿ ಬೇಕಾದಷ್ಟಿವೆ. ಮೂರನೆಯದು, ವಿನೋದ ಪ್ರಾರ್ಥನೆಯ ಪಕ್ಕಕ್ಕೇ ಬಂದು ನಿಂತದ್ದು. 1869ರಿಂದ ಮನೆಮನೆಯ ಜಗಲಿಗೂ ಕಾಗದದ ದೀಪಗಳನ್ನು ತೂಗುಹಾಕುವ ಬೆಳಕಿನ ಹಬ್ಬ ಆರಂಭವಾಯಿತು; 1876ರ ಸುಮಾರಿಗೆ ತಯಾರಾಗಿ ನ್ಯೂಯಾರ್ಕಿನ ಕೋನಿ ಐಲೆಂಡ್ ವಿನೋದತಾಣದಲ್ಲಿದ್ದ, ಮರದ ಕುದುರೆಗಳು ಗುಂಡಗೆ ತಿರುಗುವ ಆಟದ ಯಂತ್ರವೊಂದು 1884ರಲ್ಲಿ ಈ ಊರಿಗೆ ಬಂದು ಇಂದಿಗೂ ತಿರುಗುತ್ತಿದೆ. ಕುಟುಂಬದ ಮರದ ಮನೆ, ಅದರ ಜಗಲಿ, ನಡೆದುಹೋಗುವಷ್ಟು ಸಮೀಪದಲ್ಲೊಂದು ಆಟದ ಯಂತ್ರ ಇವು ಮೂರೂ ಫೋರ್ಟ್ ವಿಲ್ಡರ್ನೆಸ್‌ಗಿಂತ ಸುಮಾರು ಒಂಬತ್ತು ದಶಕ ಮೊದಲೇ ಒಂದೆಡೆ ಸೇರಿದ್ದವು.

ಈ ತೋಪನ್ನು ಸುತ್ತುವರಿದ ಓಕ್ ಬ್ಲಫ್ಸ್ ಎಂಬ ಊರು ಮುಂದೆ ಕರಿಯ ಅಮೆರಿಕನ್ನರ ಬೇಸಿಗೆಯ ನೆಲೆಯಾಗಿಯೂ ಬೆಳೆಯಿತು. ಗುಲಾಮಗಿರಿಯಲ್ಲಿ ಹುಟ್ಟಿದ ಚಾರ್ಲ್ಸ್ ಶಿಯರರ್ ಮತ್ತು ಅವರ ಪತ್ನಿ ಹೆನ್ರಿಯೆಟ್ಟಾ 1912ರಲ್ಲಿ ಅಲ್ಲಿ ತೆರೆದ ಶಿಯರರ್ ಕಾಟೇಜ್ ಎಂಬ ವಸತಿಗೃಹ, ಬೇರೆಡೆ ಬಾಗಿಲು ಮುಚ್ಚಿಸಿಕೊಂಡ ಕುಟುಂಬಗಳಿಗೆ ತಲೆಮಾರುಗಳವರೆಗೆ ಆಸರೆಯಾಯಿತು. ಫ್ಲೋರಿಡಾದಲ್ಲಿ ಸ್ಥಿತಿ ಇನ್ನೂ ಕಠಿಣವಾಗಿತ್ತು. ಸಿಲ್ವರ್ ಸ್ಪ್ರಿಂಗ್ಸ್ ಎಂಬ ಪ್ರಸಿದ್ಧ ವಿಹಾರತಾಣದ ನೀರಿಗೆ ಬಿಳಿಯರಿಗಷ್ಟೇ ಪ್ರವೇಶವಿದ್ದುದರಿಂದ, ಅದೇ ನದಿಯ ಕೆಳಹರಿವಿನಲ್ಲಿ ಕರಿಯರಿಗಾಗಿ ಪ್ಯಾರಡೈಸ್ ಪಾರ್ಕ್ ಎಂಬ ಪ್ರತ್ಯೇಕ ಉದ್ಯಾನ 1949ರಿಂದ 1969ರವರೆಗೆ ನಡೆಯಿತು. ದಾರಿಯಲ್ಲಿ ಕರಿಯರಿಗೆ ತಂಗಲು ಬಿಡುವ ಮನೆಗಳ ಪಟ್ಟಿಯನ್ನು ವಿಕ್ಟರ್ ಹ್ಯೂಗೊ ಗ್ರೀನ್ ಎಂಬ ಅಂಚೆ ನೌಕರರು 1936ರಿಂದ ಪುಸ್ತಕರೂಪದಲ್ಲಿ ಪ್ರಕಟಿಸಬೇಕಾಯಿತು. 1964ರ ನಾಗರಿಕ ಹಕ್ಕುಗಳ ಕಾಯಿದೆ ಬರುವವರೆಗೆ ಅಜ್ಜ-ಅಜ್ಜಿಯರನ್ನೂ ಮಕ್ಕಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊರಡುವ ಕರಿಯ ಕುಟುಂಬಕ್ಕೆ ರಾತ್ರಿ ಎಲ್ಲಿ ಮಲಗುವುದೆಂಬುದು ಪ್ರಾಣದ ಪ್ರಶ್ನೆಯೇ ಆಗಿತ್ತು. ಫೋರ್ಟ್ ವಿಲ್ಡರ್ನೆಸ್ ತೆರೆದದ್ದು ಈ ಕಾಯಿದೆಯ ಏಳು ವರ್ಷಗಳ ಅನಂತರ ಎಂಬುದನ್ನು ನೆನೆದರೆ, ‘ಎಲ್ಲ ಕುಟುಂಬಗಳಿಗೂ’ ಎಂಬ ಮಾತು ಅಮೆರಿಕದ ರಜೆಯ ಉದ್ಯಮದಲ್ಲಿ ಎಷ್ಟು ಹೊಸದೆಂಬುದು ತಿಳಿಯುತ್ತದೆ.

ಕ್ಯಾಬಿನ್ನಿನ ಒಲೆಯ ವಂಶ ಇನ್ನೊಂದು ಕಡೆಯಿಂದ ಬಂದಿದೆ. 20ನೆಯ ಶತಮಾನದ ಮೊದಲರ್ಧದಲ್ಲಿ ನ್ಯೂಯಾರ್ಕ್ ನಗರದ ಯಹೂದಿ ಕಾರ್ಮಿಕ ಕುಟುಂಬಗಳು ಬೇಸಿಗೆಯ ಸೆಕೆಯಿಂದ ತಪ್ಪಿಸಿಕೊಳ್ಳಲು ಉತ್ತರದ ಕ್ಯಾಟ್ಸ್‌ಕಿಲ್ ಬೆಟ್ಟಗಳಿಗೆ ಹೋಗುತ್ತಿದ್ದವು. ಅಲ್ಲಿನ ರೈತರ ಮನೆಗಳಲ್ಲಿ ಕುಟುಂಬಕ್ಕೊಂದು ಕೋಣೆ ಬಾಡಿಗೆಗೆ ಸಿಗುತ್ತಿತ್ತು, ಅಡುಗೆಮನೆ ಮಾತ್ರ ಎಲ್ಲರಿಗೂ ಒಂದೇ. ಯಿಡ್ಡಿಷ್ ಭಾಷೆಯಲ್ಲಿ ಕುಖಾಲೇನ್ ಎಂದು ಕರೆಯಲಾದ ಈ ಬಿಡಾರಗಳಲ್ಲಿ ಪ್ರತಿ ಗೃಹಿಣಿಗೂ ಒಲೆಯ ಮೇಲೆ ತನ್ನ ಜಾಗ, ಮಂಜಿನ ಪೆಟ್ಟಿಗೆಯಲ್ಲಿ ತನ್ನ ಅರೆ ಗೊತ್ತಾಗಿರುತ್ತಿತ್ತು. ತಾಯಿ, ಅಜ್ಜಿ, ಮಕ್ಕಳು ಬೇಸಿಗೆಯುದ್ದಕ್ಕೂ ಅಲ್ಲಿಯೇ ಇರುತ್ತಿದ್ದರು. ನಗರದಲ್ಲಿ ದುಡಿಯುವ ತಂದೆಯಂದಿರು ವಾರದ ಕೊನೆಗೆ ಬಂದುಹೋಗುತ್ತಿದ್ದರು. ಮುಂದೆ ಕುಟುಂಬಕ್ಕೊಂದು ಪುಟ್ಟ ಮನೆ, ಮನೆಗೊಂದು ಒಲೆ ಎಂಬಂತೆ ಬಂಗಲೆಗಳ ಸಮೂಹಗಳೇ ಅಲ್ಲಿ ಹುಟ್ಟಿಕೊಂಡವು. ಧಾರ್ಮಿಕ ಆಹಾರನಿಯಮ ಪಾಲಿಸುವವರಿಗೆ, ಹೋಟೆಲಿನ ಊಟದ ಖರ್ಚು ತಾಳಲಾರದವರಿಗೆ, ಹಲ್ಲಿಲ್ಲದ ಮುದುಕರಿಗೂ ಹಲ್ಲು ಬರದ ಕೂಸುಗಳಿಗೂ ಬೇರೆ ಬೇರೆ ಹದದಲ್ಲಿ ಬೇಯಿಸಬೇಕಾದವರಿಗೆ ತಮ್ಮದೇ ಒಲೆ ಅನಿವಾರ್ಯವಾಗಿತ್ತು. ಕರ್ನಾಟಕದ ಯಾತ್ರಾಸ್ಥಳಗಳ ಹಳೆಯ ಛತ್ರಗಳಿಗೆ ಪಾತ್ರೆ-ಪಡಗ, ಅಕ್ಕಿ-ಬೇಳೆ ಕಟ್ಟಿಕೊಂಡು ಹೋಗಿ, ಹಿತ್ತಲಿನಲ್ಲಿ ಒಲೆ ಹೂಡುತ್ತಿದ್ದ ಮನೆಮಂದಿಯ ನೆನಪು ಉಳ್ಳವರಿಗೆ ಈ ಏರ್ಪಾಡು ಅಪರಿಚಿತವೆನಿಸದು.

ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಸಾಗಿದ್ದು ಹೆದ್ದಾರಿಯ ಮೋಟೆಲ್. 1908ರಲ್ಲಿ ಬಂದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಸಾಮಾನ್ಯರ ಕೈಗೆಟುಕಿದ ಮೇಲೆ, ದಾರಿಬದಿಯ ಬಯಲುಗಳಲ್ಲಿ ಡೇರೆ ಹಾಕುವುದು, ಅನಂತರ ಸಾಲುಗುಡಿಸಲುಗಳಲ್ಲಿ ತಂಗುವುದು ರೂಢಿಯಾಯಿತು. ಮೋಟಾರು ಮತ್ತು ಹೋಟೆಲುಗಳನ್ನು ಕೂಡಿಸಿದ ‘ಮೋಟೆಲ್’ ಎಂಬ ಹೆಸರನ್ನು 1925ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ತೆರೆದ ತಂಗುಮನೆಯೊಂದು ಮೊದಲು ಬಳಸಿತು. 1951ರಲ್ಲಿ ಐದು ಮಕ್ಕಳೊಡನೆ ಪ್ರವಾಸ ಹೊರಟ ಕೆಮನ್ಸ್ ವಿಲ್ಸನ್ ಎಂಬ ಟೆನೆಸ್ಸಿಯ ಉದ್ಯಮಿ, ತಂಗಿದಲ್ಲೆಲ್ಲ ಪ್ರತಿ ಮಗುವಿಗೂ ಬೇರೆಯಾಗಿ ಹಣ ಕೇಳುವುದನ್ನು ಕಂಡು ಬೇಸತ್ತು, ಮರುವರ್ಷ ಮೆಂಫಿಸ್ ನಗರದಲ್ಲಿ ಮೊದಲ ಹಾಲಿಡೇ ಇನ್ ತೆರೆದರು. ತಂದೆತಾಯಿಯ ಕೋಣೆಯಲ್ಲಿ ಮಲಗುವ ಮಕ್ಕಳಿಗೆ ಅಲ್ಲಿ ಬಾಡಿಗೆ ಇರಲಿಲ್ಲ. ಇದು ಔದಾರ್ಯದ ಕ್ರಮವೇ ಆದರೂ ಅದರಿಂದ ಒಂದು ಅಚ್ಚು ತಯಾರಾಯಿತು. ಎರಡು ಜೋಡಿಮಂಚ, ಒಂದು ಬಚ್ಚಲು, ಒಂದು ಟೆಲಿವಿಷನ್ ಇರುವ, ಒಲೆಯಿಲ್ಲದ ಕೋಣೆ ಅಮೆರಿಕದುದ್ದಕ್ಕೂ ಹಬ್ಬಿ, ‘ಕುಟುಂಬ’ವೆಂದರೆ ತಂದೆತಾಯಿ ಮತ್ತು ಇಬ್ಬರೋ ಮೂವರೋ ಮಕ್ಕಳು ಎಂಬ ಎಣಿಕೆಯನ್ನು ಗೋಡೆಗಳಲ್ಲಿಯೇ ಬರೆದಿಟ್ಟಿತು. ಅಜ್ಜ-ಅಜ್ಜಿ ಜೊತೆಗೆ ಬಂದರೆ ಅವರಿಗೆ ಇನ್ನೊಂದು ಕೋಣೆ. ಎರಡು ಕೋಣೆಗಳ ನಡುವೆ ಓಣಿ. ರಾತ್ರಿಯಾದೊಡನೆ ಎರಡು ಮುಚ್ಚಿದ ಬಾಗಿಲು.

ಬ್ರಿಟನ್ನಿನಲ್ಲಿ ಇದೇ ಹೊತ್ತಿಗೆ ಮತ್ತೊಂದು ಪ್ರಯೋಗ ನಡೆದಿತ್ತು, ಅದು ವಿನೋದದ ಉದ್ಯಾನವನ್ನೂ ಮಲಗುವ ಬಿಡಿಮನೆಯನ್ನೂ ಒಬ್ಬನೇ ಒಡೆಯನ ಬೇಲಿಯೊಳಗೆ ತಂದದ್ದು. 1899ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಹುಟ್ಟಿದ ಬಿಲ್ಲಿ ಬಟ್ಲಿನ್ ಮೂಲತಃ ಜಾತ್ರೆಯ ಆಟಗಳ ವ್ಯಾಪಾರಿ. 1920ರ ದಶಕದ ಕೊನೆಯಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವ ಪುಟ್ಟ ವಿದ್ಯುತ್ ಕಾರುಗಳ ಆಟವನ್ನು ಬ್ರಿಟನ್ನಿಗೆ ತಂದವರು ಅವರೇ. ಕಡಲತೀರದ ಊರುಗಳಲ್ಲಿ ಬಾಡಿಗೆಯ ಮನೆಯೊಡತಿಯರು ಬೆಳಗಿನ ತಿಂಡಿಯಾದ ಮೇಲೆ ಅತಿಥಿಗಳನ್ನು ಹೊರಗೆ ಕಳಿಸಿ ಸಂಜೆಯವರೆಗೆ ಬಾಗಿಲು ಹಾಕಿಕೊಳ್ಳುತ್ತಿದ್ದುದನ್ನೂ, ಮಕ್ಕಳೊಂದಿಗರು ಮಳೆಯಲ್ಲಿ ಅಲೆಯುತ್ತಿದ್ದುದನ್ನೂ ಕಂಡು ತಮಗೆ ಈ ಯೋಚನೆ ಹೊಳೆಯಿತೆಂದು ಅವರೇ ಹೇಳಿಕೊಂಡಿದ್ದಾರೆ. 1936ರ ಈಸ್ಟರ್ ಹೊತ್ತಿಗೆ ಸ್ಕೆಗ್ನೆಸ್ ಎಂಬ ಕಡಲತೀರದ ಊರಿನಲ್ಲಿ ತೆರೆದ ಅವರ ಮೊದಲ ರಜಾ ಶಿಬಿರದಲ್ಲಿ ಕುಟುಂಬಗಳಿಗೆ ಶ್ಯಾಲೆ ಎಂಬ ಪುಟ್ಟ ಮರದ ಮನೆಗಳಿದ್ದವು. ಮೂರು ಹೊತ್ತಿನ ಊಟ ಭಾರಿ ಭೋಜನಶಾಲೆಗಳಲ್ಲಿ ಎಲ್ಲರಿಗೂ ಒಟ್ಟಿಗೆ ನಡೆಯುತ್ತಿತ್ತು. 1938ರಲ್ಲಿ ಸಂಬಳಸಹಿತ ರಜೆಯ ಕಾಯಿದೆ ಬಂದ ಮೇಲೆ ಇಂಥ ಶಿಬಿರಗಳಿಗೆ ಕಾರ್ಮಿಕ ಕುಟುಂಬಗಳು ಹರಿದುಬಂದವು. ರಾತ್ರಿ ತಂದೆತಾಯಿ ನೃತ್ಯಶಾಲೆಯಲ್ಲಿದ್ದಾಗ ಶಿಬಿರದ ನೌಕರರು ಮನೆಗಳ ಸಾಲಿನಲ್ಲಿ ಗಸ್ತು ತಿರುಗಿ, ಯಾವ ಮನೆಯಲ್ಲಾದರೂ ಕೂಸು ಅಳುತ್ತಿದ್ದರೆ ಆ ಮನೆಯ ಸಂಖ್ಯೆಯನ್ನು ಸಾರುತ್ತಿದ್ದರು. ಬಟ್ಲಿನ್ ಶಿಬಿರದ ಹೆಚ್ಚುಗಾರಿಕೆಯೂ ಮಿತಿಯೂ ಈ ಏರ್ಪಾಡಿನಲ್ಲಿಯೇ ಇದೆ: ಅಡುಗೆಯನ್ನು ಸಂಸ್ಥೆ ಮಾಡಿತು, ಕೂಸನ್ನು ಸಂಸ್ಥೆ ಕಾಯಿತು, ತಾಯಿಗೆ ನಿಜವಾದ ಬಿಡುವು ಸಿಕ್ಕಿತು, ಆದರೆ ಅಜ್ಜಿಗೆ ಅಲ್ಲಿ ಅತಿಥಿಯಾಗಿ ಜಾಗವಿತ್ತೇ ಹೊರತು ಅಜ್ಜಿಯಾಗಿ ಮಾಡಬೇಕಾದ ಕೆಲಸವೊಂದೂ ಉಳಿಯಲಿಲ್ಲ. ಅಡುಗೆಮನೆಯನ್ನು ಮರಳಿ ರಜೆಯ ಮನೆಯೊಳಗೆ ತಂದ ಯುರೋಪಿನ ಪ್ರಯತ್ನಗಳಲ್ಲಿ ಮುಖ್ಯವಾದುದು, ನೆದರ್ಲೆಂಡ್ಸ್‌ನ ಪೀಟ್ ಡೆರ್ಕ್‌ಸನ್ 1968ರಲ್ಲಿ ವಾಸ್ತುಶಿಲ್ಪಿ ಯಾಪ್ ಬಾಕೆಮಾ ಅವರಿಂದ ಬಂಗಲೆಗಳನ್ನು ರೂಪಿಸಿಕೊಂಡು ಕಾಡಿನ ನಡುವೆ ತೆರೆದ, ಮುಂದೆ ಸೆಂಟರ್ ಪಾರ್ಕ್ಸ್ ಎಂದು ಹೆಸರಾದ ವಿಹಾರಗ್ರಾಮ.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ವಾಲ್ಟ್ ಡಿಸ್ನಿಯವರ ಬಳಿ ಹೋಟೆಲ್ ಕಟ್ಟಲು ಹಣವಿರಲಿಲ್ಲ. ಅದೇ ವರ್ಷ ಪಕ್ಕದಲ್ಲಿ ಡಿಸ್ನಿಲ್ಯಾಂಡ್ ಹೋಟೆಲನ್ನು ಕಟ್ಟಿದವರು ಟೆಲಿವಿಷನ್ ಉದ್ಯಮಿ ಜ್ಯಾಕ್ ರಾದರ್. ಉದ್ಯಾನದ ಸುತ್ತ ಕೆಲವೇ ವರ್ಷಗಳಲ್ಲಿ ಬೇರೆಯವರ ಮೋಟೆಲುಗಳು ಎದ್ದು, ಗೇಟಿನ ಹೊರಗಿನ ನೆಲದ ಮೇಲೆ ತಮಗೆ ಹಿಡಿತವಿಲ್ಲದ್ದನ್ನು ಕಂಡು ಡಿಸ್ನಿಯವರಿಗೆ ಉಂಟಾದ ಅತೃಪ್ತಿಯೇ ಫ್ಲೋರಿಡಾದಲ್ಲಿ ಸುಮಾರು 27,000 ಎಕರೆ ನೆಲವನ್ನು ಸದ್ದಿಲ್ಲದೆ ಕೊಳ್ಳಲು ಕಾರಣವಾಯಿತು. 1966ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಅಣ್ಣ ರಾಯ್ ಡಿಸ್ನಿ ಮುಂದೆ ನಿಂತು 1971ರ ಅಕ್ಟೋಬರ್ 1ರಂದು ವಾಲ್ಟ್ ಡಿಸ್ನಿ ವರ್ಲ್ಡ್ ಅನ್ನು ತೆರೆದರು. ಆಗ ಸಿದ್ಧವಾಗಿದ್ದ ಎರಡು ದೊಡ್ಡ ಹೋಟೆಲುಗಳ ಕೋಣೆಗಳನ್ನು ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಕಂಪನಿ ಬೇರೆಡೆ ಉಕ್ಕಿನ ಚೌಕಟ್ಟಿನ ಪೆಟ್ಟಿಗೆಗಳಾಗಿ ತಯಾರಿಸಿ ತಂದು ಜೋಡಿಸಿತ್ತು. ಮೋಟೆಲಿನ ಅಚ್ಚು ಇಲ್ಲಿ ಅಕ್ಷರಶಃ ಕಾರ್ಖಾನೆಯ ಅಚ್ಚಾಗಿತ್ತೆನ್ನಬಹುದು. ಒಂದೂವರೆ ತಿಂಗಳ ಅನಂತರ, ಇವುಗಳಿಗಿಂತ ಎಷ್ಟೋ ಅಗ್ಗದ ವಸತಿಯಾಗಿ, ಡೇರೆ ಮತ್ತು ವಾಹನಗಳ ತಾಣವಾದ ಫೋರ್ಟ್ ವಿಲ್ಡರ್ನೆಸ್ ತೆರೆಯಿತು. ಆರಂಭದ ವರ್ಷಗಳಲ್ಲಿಯೇ, ತಮ್ಮದೆಂಬ ಡೇರೆಯಾಗಲಿ ವಾಹನವಾಗಲಿ ಇಲ್ಲದವರಿಗೆ ಚಕ್ರದ ಮೇಲಿನ ಟ್ರೇಲರ್‌ಗಳನ್ನು, ಅಂದರೆ ಎಳೆದು ತಂದು ನಿಲ್ಲಿಸಿದ ಉದ್ದನೆಯ ಮನೆಬಂಡಿಗಳನ್ನು, ಬಾಡಿಗೆಗೆ ಕೊಡುವ ಏರ್ಪಾಡೂ ಆಯಿತು. ಇಂದಿನ ಕ್ಯಾಬಿನ್ನಿನ ನೇರ ಪೂರ್ವಜ ಲಿಂಕನ್ನನ ಗುಡಿಸಲಲ್ಲ, ಈ ತಗಡಿನ ಟ್ರೇಲರ್. ಅದರೊಳಗಿದ್ದ ಪುಟ್ಟ ಅಡುಗೆಮನೆಯೇ ಮುಂದಿನ ಎಲ್ಲ ಮರದ ಮನೆಗಳಿಗೂ ದಾಟಿಬಂತು.

ತಾಣಕ್ಕೆ ಗಡಿನಾಡಿನ ವೇಷ ತೊಡಿಸಿದ್ದು 1954-55ರಲ್ಲಿ ಡಿಸ್ನಿ ಸಂಸ್ಥೆ ಟೆಲಿವಿಷನ್ನಿನಲ್ಲಿ ಪ್ರಸಾರ ಮಾಡಿದ, ಗಡಿನಾಡಿನ ವೀರ ಡೇವಿ ಕ್ರಾಕೆಟ್‌ನ ಕಥೆಗಳು ಎಬ್ಬಿಸಿದ್ದ ಅಲೆ. ಆ ಕಥೆಗಳನ್ನು ನೋಡಿ ತುಪ್ಪುಳದ ಟೋಪಿ ಹಾಕಿಕೊಂಡು ಬೆಳೆದ ಮಕ್ಕಳು 1970ರ ದಶಕದಲ್ಲಿ ತಂದೆತಾಯಿಗಳಾಗಿದ್ದರು, 1990ರ ದಶಕದ ಕೊನೆಯಿಂದ ಅಜ್ಜ-ಅಜ್ಜಿಗಳಾಗತೊಡಗಿದರು. ತಾಣದ ಬೆಳವಣಿಗೆಯನ್ನು ಈ ಒಂದು ತಲೆಮಾರಿನ ವಯಸ್ಸಿನೊಡನೆ ಹೊಂದಿಸಿ ನೋಡುವುದು ಉಪಯುಕ್ತ. 1974ರಲ್ಲಿ ಪಯೊನೀರ್ ಹಾಲ್ ಎಂಬ ದಿಮ್ಮಿಕಟ್ಟಡ ತೆರೆದು, ಊಟದೊಡನೆ ಹಾಡು-ಹಾಸ್ಯದ ಪ್ರದರ್ಶನ ಅಲ್ಲಿ ಆರಂಭವಾಯಿತು. ದಶಕಗಳನ್ನು ದಾಟಿ ನಡೆದು ಬಂದ ಆ ಕಾರ್ಯಕ್ರಮವನ್ನು ಮಗುವಾಗಿ ನೋಡಿದವರು ತಮ್ಮ ಮಕ್ಕಳನ್ನು ಕರೆತಂದು ತೋರಿಸುವಷ್ಟು ಕಾಲ ಅದು ಬಾಳಿತು. ಸರೋವರದ ದಂಡೆಯಲ್ಲಿ 1976ರಲ್ಲಿ ತೆರೆದ ರಿವರ್ ಕಂಟ್ರಿ ಎಂಬ ಜಲವಿಹಾರ 2001ರಲ್ಲಿ ಮುಚ್ಚಿತು, ತಾಣದೊಳಗೆ ಓಡುತ್ತಿದ್ದ ಪುಟ್ಟ ಉಗಿರೈಲು 1980ರ ಹೊತ್ತಿಗೇ ನಿಂತಿತು. ನಿಲ್ಲದೆ ಉಳಿದದ್ದು ಕತ್ತಲಾದ ಮೇಲೆ ದೀಪಗಳಿಂದ ಮೂಡಿಸಿದ ಜಲಚರಗಳ ಆಕೃತಿಗಳು ತೆಪ್ಪಗಳ ಮೇಲೆ ತೇಲಿ ಸಾಗುವ, 1971ರಲ್ಲಿಯೇ ಶುರುವಾದ ಮೆರವಣಿಗೆ. ಉದ್ಯಾನದ ನೂಕುನುಗ್ಗಲಿಗೆ ಹೋಗಲಾರದ ಹಿರಿಯರು ದಡದಲ್ಲಿ ಕುಳಿತೇ ನೋಡಬಹುದಾದ ಈ ಬಗೆಯ ವಿನೋದಗಳನ್ನು ಇತಿಹಾಸಕಾರರು ಸಾಮಾನ್ಯವಾಗಿ ಸಣ್ಣದೆಂದು ಬಿಟ್ಟುಬಿಡುತ್ತಾರೆ. ತಂಗುದಾಣವೊಂದು ಮೂರು ತಲೆಮಾರಿಗೂ ಒದಗುವುದು ಮಾತ್ರ ಇಂಥವುಗಳಿಂದಲೇ.

1990ರ ದಶಕದ ಕೊನೆಯ ಭಾಗದಲ್ಲಿ ಟ್ರೇಲರ್‌ಗಳು ಹೋಗಿ ಅವುಗಳ ಜಾಗಕ್ಕೆ ಮರದ ದಿಮ್ಮಿಯ ಹೊರನೋಟವುಳ್ಳ ಕ್ಯಾಬಿನ್‌ಗಳು ಬಂದವು. ಸುಮಾರು 500 ಚದರ ಅಡಿಯ ಈ ಮನೆಯಲ್ಲಿ ಆರು ಮಂದಿ ಮಲಗಬಹುದಾಗಿತ್ತು. ಒಳಕೋಣೆಯಲ್ಲಿ ಒಂದು ಜೋಡಿಮಂಚ, ಅದರ ಬದಿಗೆ ಒಂದರ ಮೇಲೊಂದು ಕೂರಿಸಿದ ಎರಡು ಮಕ್ಕಳ ಮಂಚ, ಹೊರಕೋಣೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೊದ ವಿಲಿಯಂ ಮರ್ಫಿ ಎಂಬವರ ಹೆಸರಿನಿಂದ 20ನೆಯ ಶತಮಾನದ ಆರಂಭದಲ್ಲಿ ಪ್ರಸಿದ್ಧವಾದ, ಹಗಲು ಗೋಡೆಯೊಳಗೆ ಮಡಚಿಟ್ಟು ರಾತ್ರಿ ಇಳಿಸಿಕೊಳ್ಳುವ ಮಂಚ, ಒಂದು ಬಚ್ಚಲುಮನೆ, ಒಲೆ, ಪಾತ್ರೆಗಳ ಸಮೇತ ಅಡುಗೆಮನೆ, ಹೊರಗೆ ಜಗಲಿ, ಮೇಜು-ಬೆಂಚು, ಇದ್ದಿಲಿನ ಮೇಲೆ ಸುಡುವ ಕಬ್ಬಿಣದ ಜಾಲರಿ. ಈ ವಿನ್ಯಾಸದಲ್ಲಿ ಒಂದು ಸೂಕ್ಷ್ಮವಾದ ಮುನ್ನೋಟವಿದೆ: ಮೊಮ್ಮಕ್ಕಳನ್ನು ಒಳಕೋಣೆಯಲ್ಲಿ ಅಜ್ಜ-ಅಜ್ಜಿಯರ ಬಳಿ ಮಲಗಿಸಿ ತಂದೆತಾಯಿ ಹೊರಕೋಣೆಯಲ್ಲಿ ಉಳಿಯಬಹುದು, ಅಥವಾ ಅದನ್ನು ತಿರುಗುಮುರುಗು ಮಾಡಬಹುದು, ಯಾರು ಯಾರೊಡನೆ ಮಲಗಬೇಕೆಂಬುದನ್ನು ಮೋಟೆಲಿನಂತೆ ಗೋಡೆ ನಿರ್ಧರಿಸುವುದಿಲ್ಲ. ನಡುಹಗಲಿನ ಬಿಸಿಲಿಗೆ ಅಜ್ಜನೂ ಎರಡು ವರ್ಷದ ಕೂಸೂ ಒಂದೇ ಹೊತ್ತಿಗೆ ದಣಿಯುತ್ತಾರೆ. ಅವರು ದೋಣಿಯಲ್ಲಿ ಸರೋವರ ದಾಟಿ ಬಂದು ಮಲಗಿದರೆ ಉಳಿದವರು ಉದ್ಯಾನದಲ್ಲಿಯೇ ಇದ್ದು ಸಂಜೆಯ ಊಟಕ್ಕೆ ಬಂದು ಸೇರುತ್ತಾರೆ. ಕುಟುಂಬ ಹಗಲು ಚದುರುವುದೂ ರಾತ್ರಿ ಒಟ್ಟಾಗುವುದೂ ಎರಡೂ ಸಾಧ್ಯವಾಗಬೇಕಾದರೆ ನಡುವೆ ಮನೆಯೊಂದು ಇರಲೇಬೇಕು. ಹಾಗೆಂದು ಇದನ್ನು ಆದರ್ಶವೆಂದು ಹೊಗಳುವುದೂ ಸರಿಯಲ್ಲ. ಆರು ಮಂದಿಗೆ ಒಂದೇ ಬಚ್ಚಲು ಬೆಳಗಿನ ಹೊತ್ತು ದೊಡ್ಡ ತೊಡಕು. ಅದಕ್ಕಿಂತ ಮುಖ್ಯವಾಗಿ, ಒಲೆ ಇದ್ದಲ್ಲಿ ಅದರ ಮುಂದೆ ನಿಲ್ಲುವವರೂ ಇರಬೇಕಾಗುತ್ತದೆ, ಮತ್ತು ಆ ಕೆಲಸ ಬಹುಪಾಲು ಹೆಂಗಸರ ಪಾಲಿಗೇ ಬಂದಿದೆ. ಬಟ್ಲಿನ್ ಶಿಬಿರ ತಾಯಿಗೆ ಕೊಟ್ಟ ಬಿಡುವನ್ನು ಕ್ಯಾಬಿನ್ ಹಿಂದಕ್ಕೆ ಪಡೆಯಿತೆಂಬ ಮಾತಿನಲ್ಲಿ ನಿಜವಿದೆ.

ಈ ಮನೆಯ ಬೇಡಿಕೆ ಬೆಳೆದ ಕಾಲವನ್ನು ಜನಗಣತಿಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದಾಗ ಅದರ ಕಾರಣ ಸ್ಪಷ್ಟವಾಗುತ್ತದೆ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 1940ರಲ್ಲಿ ಅಮೆರಿಕದ ಜನಸಂಖ್ಯೆಯ ಸುಮಾರು ಕಾಲುಭಾಗ ಹಲವು ತಲೆಮಾರುಗಳ ಮನೆಗಳಲ್ಲಿ ಬಾಳುತ್ತಿತ್ತು. 1980ರ ಹೊತ್ತಿಗೆ ಆ ಪಾಲು ಶೇಕಡಾ 12ಕ್ಕೆ ಇಳಿಯಿತು. ಮತ್ತೆ ಏರುತ್ತ 2021ರಲ್ಲಿ ಶೇಕಡಾ 18ನ್ನು ಮುಟ್ಟಿತು. 1935ರ ಸಾಮಾಜಿಕ ಭದ್ರತಾ ಕಾಯಿದೆಯಿಂದ ಬಂದ ಪಿಂಚಣಿ ವೃದ್ಧರಿಗೆ ಮಕ್ಕಳ ಹಂಗಿಲ್ಲದೆ ಬೇರೆಯಾಗಿ ಬಾಳುವ ಬಲ ಕೊಟ್ಟಿತು; ಹೆದ್ದಾರಿ ಮತ್ತು ಉಪನಗರಗಳು ಮಕ್ಕಳನ್ನು ದೂರ ಒಯ್ದವು; ಹವಾನಿಯಂತ್ರಣ ಬಂದ ಮೇಲೆ ಫ್ಲೋರಿಡಾವೇ ನಿವೃತ್ತರ ನೆಲೆಯಾಯಿತು. ಫೋರ್ಟ್ ವಿಲ್ಡರ್ನೆಸ್ ಹುಟ್ಟಿ ಬೆಳೆದದ್ದು ಸರಿಯಾಗಿ ಈ ಇಳಿಜಾರಿನ ತಳದ ವರ್ಷಗಳಲ್ಲಿ. ಬೇರೆ ಬೇರೆ ರಾಜ್ಯಗಳಲ್ಲಿ ನೆಲೆಸಿದ ಮೂರು ತಲೆಮಾರುಗಳಿಗೆ ಯಾರದೋ ಒಬ್ಬರ ಮನೆಯಲ್ಲಿ ಸೇರುವುದೆಂದರೆ ಒಬ್ಬರು ಆತಿಥೇಯರು, ಉಳಿದವರು ಅತಿಥಿಗಳು. ಯಾರದೂ ಅಲ್ಲದ ಕ್ಯಾಬಿನ್ನಿನಲ್ಲಿ ಮಾತ್ರ ಎಲ್ಲರೂ ಸಮಾನರು, ಅಜ್ಜಿ ಸೊಸೆಯ ಅಡುಗೆಮನೆಗೆ ಕಾಲಿಡುತ್ತಿದ್ದೇನೆಂಬ ಹಿಂಜರಿಕೆ ಪಡಬೇಕಾಗಿಲ್ಲ. ಹಳೆಯ ಅವಿಭಕ್ತ ಕುಟುಂಬಕ್ಕೆ ಇಲ್ಲದಿದ್ದ ಹಗುರವೊಂದು ಈ ತಾತ್ಕಾಲಿಕ ಕೂಡುಬಾಳಿಗೆ ಇದೆ ಎಂಬುದನ್ನು ಒಪ್ಪಲೇಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ಚರಿತ್ರೆಗೂ ಇರುವ ನಂಟು ಒಲೆಯದೇ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಸಂದರ್ಶಕ ವೀಸಾದ ಮೇಲೆ ಬಂದು ಸಾಮಾನ್ಯವಾಗಿ ಆರು ತಿಂಗಳವರೆಗೆ ಮಕ್ಕಳೊಡನೆ ಇರುವ ತಂದೆತಾಯಿಯರನ್ನು ಮೊಮ್ಮಕ್ಕಳ ಶಾಲೆಯ ರಜೆಯಲ್ಲಿ ಒರ್ಲಾಂಡೊಗೆ ಕರೆದೊಯ್ಯುವುದು ವಲಸಿಗರಲ್ಲಿ ಬಳಕೆಯಾಗಿರುವ ಪ್ರವಾಸ. ಈರುಳ್ಳಿ-ಬೆಳ್ಳುಳ್ಳಿಯನ್ನೂ ಮುಟ್ಟದ ಅಜ್ಜಿಗೆ, ಸಕ್ಕರೆ ಕಾಯಿಲೆಯ ಪಥ್ಯದ ಅಜ್ಜನಿಗೆ ಒಂದು ಅನ್ನ-ಸಾರು, ಒಂದು ಮೊಸರನ್ನ ಬೇಯಿಸಿಕೊಳ್ಳಲು ಜಾಗವಿದೆಯೇ ಎಂಬುದರ ಮೇಲೆ ತಂಗುವ ಜಾಗದ ಆಯ್ಕೆ ನಿಲ್ಲುತ್ತದೆ. ಕ್ಯಾಟ್ಸ್‌ಕಿಲ್ ಬೆಟ್ಟಗಳಿಗೆ ಹೋಗುತ್ತಿದ್ದ ಯಹೂದಿ ಅಜ್ಜಿಯರ ಅಗತ್ಯ ಇದಕ್ಕಿಂತ ಬೇರೆಯಾಗಿರಲಿಲ್ಲ.

ಫೋರ್ಟ್ ವಿಲ್ಡರ್ನೆಸ್‌ನ ಹಳೆಯ ಕ್ಯಾಬಿನ್‌ಗಳನ್ನು ತೆಗೆದು, ಅವೇ ನಿವೇಶನಗಳಲ್ಲಿ ಇರಿಸಿದ ಹೊಸ ಕ್ಯಾಬಿನ್‌ಗಳು 2024ರ ಜುಲೈ 1ರಿಂದ ಅತಿಥಿಗಳಿಗೆ ತೆರೆದವು. 350ಕ್ಕೂ ಹೆಚ್ಚು ಸಂಖ್ಯೆಯ ಈ ಮನೆಗಳಲ್ಲಿ ದಿಮ್ಮಿಯ ವೇಷ ಹೋಗಿ ದೊಡ್ಡ ಗಾಜಿನ ಕಿಟಕಿಗಳು ಬಂದಿವೆ. ಆರು ಮಂದಿಯ ಎಣಿಕೆ, ಅಡುಗೆಮನೆ, ಜಗಲಿ, ಒಂದೇ ಬಚ್ಚಲು ಹಾಗೆಯೇ ಉಳಿದಿವೆ. ನಿಜವಾಗಿ ಬದಲಾದದ್ದು ಹಕ್ಕಿನ ಸ್ವರೂಪ. ಡಿಸ್ನಿ ಸಂಸ್ಥೆ 1991ರಲ್ಲಿ ಆರಂಭಿಸಿದ ವೆಕೇಶನ್ ಕ್ಲಬ್ ಎಂಬ ಸದಸ್ಯತ್ವದ ವ್ಯವಸ್ಥೆಗೆ ಇವನ್ನು ಸೇರಿಸಲಾಗಿದೆ. ಒಮ್ಮೆ ದೊಡ್ಡ ಮೊತ್ತ ಕೊಟ್ಟು, ಆಮೇಲೆ ವರ್ಷವರ್ಷವೂ ನಿರ್ವಹಣೆಯ ಹಣ ಕಟ್ಟುತ್ತ, ಪ್ರತಿ ವರ್ಷ ಇಂತಿಷ್ಟು ದಿನ ತಂಗುವ ಹಕ್ಕನ್ನು ಅಂಕಗಳ ಲೆಕ್ಕದಲ್ಲಿ ಕೊಳ್ಳುವ ಈ ಕ್ರಮಕ್ಕೆ ಟೈಮ್‌ಶೇರ್ ಎನ್ನುತ್ತಾರೆ. ಅರ್ಧ ಶತಮಾನದ ಹಿಂದೆ ಅಗ್ಗದ ವಸತಿಯಾಗಿ ತೆರೆದ ತಾಣದಲ್ಲಿ ಇಂಥ ದೀರ್ಘ ಹೂಡಿಕೆ ಬಂದದ್ದು, ಕಡಿಮೆ ಆದಾಯದ ಕುಟುಂಬಗಳನ್ನು ಡೇರೆಯ ನಿವೇಶನಗಳಿಗೇ ಸೀಮಿತಗೊಳಿಸುವ ಬೆಳವಣಿಗೆಯಾಗಿದ್ದು ವಿಷಾದಕ್ಕೆ ಕಾರಣವಾಗಿದೆ. ವೆಸ್ಲಿಯನ್ ಗ್ರೋವ್‌ನಂತೆ ಇಲ್ಲಿಯೂ ನೆಲ ಸಂಸ್ಥೆಯದು, ತಂಗುವ ಹಕ್ಕು ಕುಟುಂಬದ್ದು. ಸದಸ್ಯರು ತೀರಿಕೊಂಡರೆ ಅದು ವಾರಸುದಾರರಿಗೆ ಇಳಿಯುತ್ತದೆ. ಕ್ಯಾಬಿನ್‌ಗಳ ಒಪ್ಪಂದದ ಅವಧಿ 2075ರ ಜನವರಿಯವರೆಗೆ ಇರುವುದರಿಂದ, ಇಂದು ಅದಕ್ಕೆ ಸಹಿ ಹಾಕುವ ಅಜ್ಜ-ಅಜ್ಜಿಯರ ಹಕ್ಕಿನ ಕೊನೆಯ ವರ್ಷಗಳನ್ನು ಬಳಸುವವರು, ಈಗ ಮೇಲುಮಂಚದಲ್ಲಿ ಮಲಗುವ ಮೊಮ್ಮಕ್ಕಳು ಮತ್ತು ಅವರ ಮಕ್ಕಳು.